ಬಿಗಿ ಕೈ, ಬಿಚ್ಚಿದ ಲೆಕ್ಕ

ಪ್ರಶ್ನೆ

ಅಕ್ಕಾ, ನಮ್ಮದು ಕೊಟ್ಟೂರು ತಾಲ್ಲೂಕಿನ ಒಂದು ಹಳ್ಳಿ. ಯಜಮಾನರು ಕೊಟ್ಟೂರಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಸಂಬಳ 16,000. ನಾನು ಮನೆಯಲ್ಲೇ ಬ್ಲೌಸು, ಫಾಲ್ಸು ಹೊಲಿದು ತಿಂಗಳಿಗೆ 3,000ದಷ್ಟು ದುಡಿಯುತ್ತೇನೆ. ದೊಡ್ಡ ಮಗಳು ಎಂಟನೇ ಕ್ಲಾಸು, ಚಿಕ್ಕವಳಿಗೆ ಏಳು ವರ್ಷ. ಮಾವ ನಮ್ಮ ಜೊತೆಗಿದ್ದಾರೆ. ಎರಡೆಕರೆ ಖುಷ್ಕಿ ಹೊಲ ಇದೆ, ಮೆಕ್ಕೆಜೋಳ ಹಾಕುತ್ತೇವೆ. ಮಳೆ ಆದ ವರ್ಷ ನಾಲ್ಕು ಕಾಸು ಕಾಣುತ್ತೇವೆ, ಆಗದ ವರ್ಷ ಬೀಜ-ಗೊಬ್ಬರದ ದುಡ್ಡೂ ಮಣ್ಣುಪಾಲು.

ಯಜಮಾನರು ಒಳ್ಳೆಯವರು. ಚಟ ಇಲ್ಲ. ಸಂಬಳ ತಂದು ನನ್ನ ಕೈಗೆ ಕೊಟ್ಟುಬಿಡುತ್ತಾರೆ, ಆಮೇಲೆ ಏನೂ ಕೇಳುವುದಿಲ್ಲ. ಖರ್ಚು ಹೀಗಿದೆ: ಸಂತೆ, ಕಿರಾಣಿ 6,500, ಹಾಲು 1,200, ಗ್ಯಾಸು 900, ಮಕ್ಕಳ ಶಾಲೆ, ವ್ಯಾನು 3,000, ಮಾವನ ಬಿಪಿ, ಶುಗರು ಗುಳಿಗೆ 1,100, ಸಂಘದ ಕಂತು 2,400 (ಹೋದ ವರ್ಷ ಮಾಳಿಗೆ ಸೋರಿ ರಿಪೇರಿ ಮಾಡಿಸಿದ್ದು), ಕೈಗಡದ ಬಡ್ಡಿ 1,200, ಪೆಟ್ರೋಲು, ಮೊಬೈಲು 1,800. ಕರೆಂಟು ಗೃಹಜ್ಯೋತಿಯಲ್ಲಿ ಹೋಗುತ್ತದೆ, ಅಕ್ಕಿ ಕಾರ್ಡಿನ ಮೇಲೆ ಬರುತ್ತದೆ. ಕೈಗಡ ಅಂದರೆ, ಎರಡು ವರ್ಷದ ಕೆಳಗೆ ನಾದಿನಿಯ ಮನೆ ಗೃಹಪ್ರವೇಶಕ್ಕೆ ಮುಯ್ಯಿ ಮಾಡಲು, ಎಲ್ಲರಿಗೂ ಬಟ್ಟೆ ತರಲು ಯಜಮಾನರು ತಂದ 40,000. ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಂದ ಮೇಲೆ ನನಗೆ ಹೇಳಿದರು.

ನಾನು ಒಂದೊಂದು ರೂಪಾಯಿ ಎಣಿಸಿ ಸಂಸಾರ ಮಾಡುತ್ತೇನೆ. ಗೃಹಲಕ್ಷ್ಮಿ ದುಡ್ಡನ್ನಂತೂ ಮುಟ್ಟಿಯೇ ಇಲ್ಲ. ಅದು 22,000 ಆಗಿದೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಷ್ಟಕಾಲಕ್ಕೆ ಇರಲಿ ಅಂತ. ಆದರೆ ಇಷ್ಟು ಮಾಡಿ ನನಗೆ ಸಿಕ್ಕ ಹೆಸರು ‘ಬಿಗಿ ಕೈಯವಳು’. ಮೊನ್ನೆ ದೊಡ್ಡವಳು ಶಾಲೆಯ ಪ್ರವಾಸಕ್ಕೆ 1,800 ಕೇಳಿದಳು. ಆಗಲ್ಲ ಅಂದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ರೊಟ್ಟಿ ತಟ್ಟುವಾಗ ಬಂದು ಪಕ್ಕದಲ್ಲಿ ಕೂತು, ‘ಅವ್ವಾ, ನಾವು ಬಡವ್ರೇನು?’ ಅಂದಳು. ತಟ್ಟುತ್ತಿದ್ದ ಕೈ ನಿಂತಿತು, ಉತ್ತರ ಬರಲಿಲ್ಲ. ಯಜಮಾನರು ಅದನ್ನು ಕೇಳಿಸಿಕೊಂಡು, ‘ಇಷ್ಟು ಬಿಗಿ ಹಿಡಿದ್ರೆ ಬದುಕೋದು ಯಾವಾಗ’ ಅಂದು ಹೊರಗೆ ಹೋದರು. ಬೇಸಿಗೆಯಲ್ಲಿ ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದಾಗ ಮಾತ್ರ ಈ ಮನೆಯಲ್ಲಿ ನಗು ಕೇಳಿಸುತ್ತದೆ. ಅದೂ ಕೆಳಗೆ ಸೆಕೆ ಅಂತ ಹೋಗಿ ಮಲಗುವುದು ತಾನೇ. ಕಡಿಮೆಯಲ್ಲಿ ಬದುಕಿ ನೆಮ್ಮದಿಯಾಗಿರುವುದು ನಿಜವಾಗಿ ಆಗುತ್ತದೆಯೇ ಅಕ್ಕಾ, ಅಥವಾ ಅದು ಹೊಟ್ಟೆ ತುಂಬಿದವರು ಹೇಳುವ ಮಾತೇ?

— ಹೆಸರು ಬೇಡ, ಕೊಟ್ಟೂರು ತಾಲ್ಲೂಕು

ಉತ್ತರ

ತಂಗೀ, ನಿಮ್ಮ ಖರ್ಚಿನ ಪಟ್ಟಿಯನ್ನು ಮೂರು ಸಲ ಓದಿದೆ. ಮೊದಲ ಸಲ ಕೂಡಿಸಿ ನೋಡಲು. 18,100 ಬಂತು. ಬರುವ 19,000ದಲ್ಲಿ 900 ಉಳಿಯುತ್ತದೆ. ಇಷ್ಟು ದುಡಿಮೆಯಲ್ಲಿ ಎಂಟು ದಿಕ್ಕಿನ ಖರ್ಚು ತೂಗಿಸಿ ತಿಂಗಳ ಕೊನೆಗೆ ಒಂಬತ್ತು ನೂರು ಉಳಿಸುವವರನ್ನು ಬಿಗಿ ಕೈಯವರು ಅನ್ನುವುದಿಲ್ಲ, ಹದ ತಿಳಿದವರು ಅನ್ನುತ್ತಾರೆ. ಎರಡನೇ ಸಲ ಓದಿದ್ದು ಎಲ್ಲಿ ತಪ್ಪಿದೆ ಎಂದು ಹುಡುಕಲು. ಒಂದು ಕಡೆ ತಪ್ಪಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೂರನೇ ಸಲ ಓದುವಾಗ ಕಂಡದ್ದೇ ಬೇರೆ. ಎಂಟು ಬಾಬ್ತು ಬರೆದಿದ್ದೀರಿ. ಮಕ್ಕಳದು ಇದೆ, ಮಾವನದು ಇದೆ, ಯಜಮಾನರ ಪೆಟ್ರೋಲು ಇದೆ, ನಾದಿನಿಯ ಮನೆಯ ಮುಯ್ಯಿ ಬಡ್ಡಿಯ ರೂಪದಲ್ಲಿ ಈಗಲೂ ಇದೆ. ನಿಮ್ಮದು ಎಂಬುದು ಒಂದೂ ಇಲ್ಲ. ಮರೆತಿರೋ, ನಿಜಕ್ಕೂ ಇಲ್ಲವೋ ನನಗೆ ಗೊತ್ತಿಲ್ಲ. ಎರಡೂ ಒಂದೇ ಕಥೆ ಹೇಳುತ್ತವೆ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕಡಿಮೆಯಲ್ಲಿ ನೆಮ್ಮದಿ ಎಂಬ ಮಾತನ್ನು ಹೊಟ್ಟೆ ತುಂಬಿದವರೇ ಹೆಚ್ಚು ಹೇಳುತ್ತಾರೆ, ನಿಮ್ಮ ಅನುಮಾನ ಸರಿಯೇ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಗುಳೆ ಹೋಗುವವರನ್ನು ನೀವೂ ನೋಡಿದ್ದೀರಿ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಅಜ್ಜ-ಅಜ್ಜಿ, ಅವರ ಮಡಿಲಲ್ಲಿ ಮೊಮ್ಮಕ್ಕಳು. ಅವರಿಗೆ ಹೋಗಿ ಸರಳ ಜೀವನದ ಸೊಗಸು ಹೇಳಿದರೆ ಅದು ಅವಮಾನ. ಇಲ್ಲದ್ದನ್ನು ‘ಬೇಡ’ ಎಂದುಕೊಳ್ಳುವುದು ತೃಪ್ತಿಯಲ್ಲ, ಗಾಯದ ಮೇಲೆ ಬಟ್ಟೆ ಹೊದಿಸಿದಂತೆ. ಆದರೆ ನಿಮ್ಮ ಮನೆಯ ಸ್ಥಿತಿ ಅದಲ್ಲ. ನಿಮ್ಮಲ್ಲಿ ಅನ್ನವಿದೆ, ಸೂರಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಮಾವನಿಗೆ ಗುಳಿಗೆ ತಪ್ಪಿಲ್ಲ. ಇಷ್ಟಿದ್ದೂ ಮನೆ ಯಾಕೆ ಬಿಗಿದುಕೊಂಡಿದೆ ಎಂಬುದು ನಮ್ಮ ಪ್ರಶ್ನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಹಾಸಿಗೆ ಎಷ್ಟುದ್ದ ಎಂದು ಗೊತ್ತಿರುವುದು ನಿಮಗೊಬ್ಬರಿಗೇ. ಉಳಿದವರು ಕತ್ತಲಲ್ಲಿ ಕಾಲು ಚಾಚುತ್ತಾರೆ, ನೀವು ತಳ್ಳುತ್ತೀರಿ. ತಳ್ಳಿಸಿಕೊಂಡವರಿಗೆ ನಿಮ್ಮ ಕೈ ಕಾಣುತ್ತದೆ, ಹಾಸಿಗೆಯ ಅಂಚು ಕಾಣುವುದಿಲ್ಲ. ‘ಆಗಲ್ಲ’ ಎಂಬ ಮಾತನ್ನು ಒಬ್ಬರೇ ಹೇಳುವ ಮನೆಯಲ್ಲಿ ಉಳಿತಾಯ ಎಂಬುದು ಶಿಕ್ಷೆಯ ಹಾಗೆ ಕೇಳಿಸುತ್ತದೆ, ಹೇಳುವವರಿಗೂ ಕೇಳುವವರಿಗೂ. ಊರ ದಲಾಲಿ ಅಂಗಡಿಯಲ್ಲಿ ದಿನವಿಡೀ ಪೈಸೆ ಪೈಸೆ ಲೆಕ್ಕ ಬರೆಯುವ ನಿಮ್ಮ ಯಜಮಾನರಿಗೆ ಸ್ವಂತ ಮನೆಯ ಲೆಕ್ಕವೇ ಗೊತ್ತಿಲ್ಲ, ನೋಡಿ! ಕೇಳುವುದಿಲ್ಲ ಎಂಬುದನ್ನು ನೀವು ಅವರ ಒಳ್ಳೆಯತನದ ಸಾಲಿನಲ್ಲಿ ಬರೆದಿದ್ದೀರಿ. ನಾನಾದರೆ ಆ ಸಾಲನ್ನು ಸಾಲದ ಕಡೆಗೆ ಹಾಕುತ್ತೇನೆ.

ಈಗ ತಪ್ಪಿದ ಲೆಕ್ಕಕ್ಕೆ ಬರುತ್ತೇನೆ. 40,000ಕ್ಕೆ ನೂರಕ್ಕೆ ಮೂರರಂತೆ ತಿಂಗಳಿಗೆ 1,200. ಕೇಳಲು ಸಣ್ಣದು. ವರ್ಷಕ್ಕೆ ನೂರಕ್ಕೆ ಮೂವತ್ತಾರು. ಎರಡು ವರ್ಷದಲ್ಲಿ ನೀವು ಕಟ್ಟಿದ ಬಡ್ಡಿ 28,800, ಅಸಲು ಮಾತ್ರ ಇದ್ದಲ್ಲೇ ಇದೆ. ಆ ಬಡ್ಡಿಯಲ್ಲಿ ನಿಮ್ಮ ಮಗಳು ಕೇಳಿದ ಪ್ರವಾಸಕ್ಕೆ ಹದಿನಾರು ಸಲ ಹೋಗಿಬರಬಹುದಿತ್ತು. ಇನ್ನೊಂದು ಕಡೆ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ 22,000 ಮಲಗಿದೆ. ಅದಕ್ಕೆ ವರ್ಷಕ್ಕೆ ನೂರಕ್ಕೆ ಎರಡೂವರೆ, ಮೂರು ರೂಪಾಯಿ ಬಂದರೆ ಹೆಚ್ಚು. ವರ್ಷಕ್ಕೆ ಮೂರು ಬರುವ ಕಡೆ ದುಡ್ಡಿಟ್ಟು, ತಿಂಗಳಿಗೆ ಮೂರು ಹೋಗುವ ಕಡೆ ಸಾಲ ಇಟ್ಟುಕೊಂಡಿದ್ದೀರಿ. ಅವರು ನಿಮಗೆ ಹೇಳದೆ ಸಾಲ ತಂದರು, ನೀವು ಅವರಿಗೆ ಹೇಳದೆ ಕೂಡಿಟ್ಟಿರಿ. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ಎರಡು ಗುಟ್ಟುಗಳ ನಡುವೆ ಮನೆಯ ದುಡ್ಡು ಸೋರಿತು. ಮಾಳಿಗೆ ಸೋರಿದ್ದನ್ನು ರಿಪೇರಿ ಮಾಡಿಸಿದಿರಿ, ಇದು ಕಣ್ಣಿಗೆ ಕಾಣದ್ದರಿಂದ ಸೋರುತ್ತಲೇ ಇದೆ.

ಮೊದಲ ಕೆಲಸ ಇದು. 22,000ದಲ್ಲಿ 15,000ವನ್ನು ಅಸಲಿಗೆ ಕಟ್ಟಿ. ಕಟ್ಟುವಾಗ ‘ಇದು ಬಡ್ಡಿಯಲ್ಲ, ಅಸಲು’ ಎಂದು ಹೇಳಿ ಬರೆಸಿಕೊಳ್ಳಿ. ಉಳಿದ ಅಸಲು 25,000, ಬಡ್ಡಿ 750ಕ್ಕೆ ಇಳಿಯುತ್ತದೆ. ತಿಂಗಳಿಗೆ 450 ಅಲ್ಲೇ ಉಳಿಯಿತು. ಮುಂದೆ ಗೃಹಲಕ್ಷ್ಮಿಯ 2,000 ಬಂದಾಗಲೆಲ್ಲ ಅದಕ್ಕೆ ಈ 450 ಸೇರಿಸಿ ಅಸಲಿಗೇ ಹಾಕಿ. ಹತ್ತು ತಿಂಗಳ ಆಸುಪಾಸಿನಲ್ಲಿ ಕೈಗಡ ತೀರುತ್ತದೆ. ಗೃಹಲಕ್ಷ್ಮಿ ಹಣ ತಡವಾದರೆ ಇನ್ನೆರಡು ತಿಂಗಳು ಹಿಡಿಯಬಹುದು, ಇರಲಿ. ಮಿಕ್ಕ 7,000 ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ, ಅದನ್ನು ಮುಟ್ಟಬೇಡಿ. ಮಾವನಿಗೆ ರಾತ್ರಿ ಹೊತ್ತು ಏನಾದರೂ ಆದರೆ ಮತ್ತೆ ಮೂರು ರೂಪಾಯಿ ಬಡ್ಡಿಯ ಬಾಗಿಲಿಗೆ ಹೋಗಬಾರದು.

ಒಂದು ಎಚ್ಚರಿಕೆ, ಇದನ್ನು ಓದುವ ಬೇರೆ ತಂಗಿಯರಿಗಾಗಿ. ಗುಟ್ಟಿನ ದುಡ್ಡನ್ನು ಹೊರಗೆ ತೆಗೆಯಿರಿ ಎಂಬುದು ಎಲ್ಲ ಮನೆಗೂ ಹೇಳುವ ಮಾತಲ್ಲ. ಕುಡಿತ, ಇಸ್ಪೀಟು, ಹೊಡೆತ ಇರುವ ಮನೆಯವರು ಬರೆದಿದ್ದರೆ ‘ಆ ದುಡ್ಡಿನ ಸುದ್ದಿ ಎತ್ತಬೇಡ, ಅದು ನಿನ್ನ ಪ್ರಾಣ’ ಎನ್ನುತ್ತಿದ್ದೆ. ಕಂತು ವಸೂಲಿಗೆ ಮನೆ ಮುಂದೆ ಕೂತು ಮಾನ ಕಳೆಯುವವರ ಕಾಟ ಇರುವವರಿಗೆ ಇದೂ ತಿಳಿದಿರಲಿ: ಸಾಲ ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, ಪೊಲೀಸ್ ಠಾಣೆಗೆ ದೂರು ಕೊಡಬಹುದು. ಇನ್ನು, ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದೆಂದು ಕಿರುಸಾಲ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಿತಿ ಹಾಕಿದೆ. ಆದರೆ ಅದು ಸಾಲ ಕೊಡುವವರ ಗೆರೆ. ಮನೆ ನಡೆಸುವವರು ತಮ್ಮ ಗೆರೆಯನ್ನು ಅದಕ್ಕಿಂತ ಬಹಳ ಈಚೆಗೇ ಎಳೆದುಕೊಳ್ಳಬೇಕು. ನಿಮ್ಮ ಮನೆಯಲ್ಲಿ ಬಡ್ಡಿ, ಕಂತು ಸೇರಿ ಐದರಲ್ಲೊಂದು ಭಾಗ ಹೋಗುತ್ತಿದೆ. ಅಷ್ಟಕ್ಕೇ ನಗು ಮಾಳಿಗೆ ಹತ್ತಿ ಕೂತಿದೆ.

ಎರಡನೇ ಕೆಲಸ, ಲೆಕ್ಕವನ್ನು ಬಿಚ್ಚುವುದು. ಕೂಡ್ಲಿಗಿಗೆ ಹೋದಾಗ ಗಾಂಧೀಜಿಯ ಚಿತಾಭಸ್ಮವಿಟ್ಟು ಕಟ್ಟಿದ ಸ್ಮಾರಕವನ್ನು ನೀವು ನೋಡಿರಬಹುದು. ಆ ಮನುಷ್ಯ ಲಂಡನ್ನಿನಲ್ಲಿ ಓದುವಾಗ ಬಸ್ಸಿನ ಚಾರ್ಜು, ಅಂಚೆ ಚೀಟಿಯ ಕಾಸನ್ನೂ ಬಿಡದೆ ಬರೆದಿಟ್ಟು, ಪ್ರತಿ ರಾತ್ರಿ ಕೂಡಿಸಿ ನೋಡಿ ಮಲಗುತ್ತಿದ್ದವರು. ಅಷ್ಟು ಬೇಡ. ತಿಂಗಳಿಗೆ ಒಂದು ಸಂಜೆ ಸಾಕು. ಸಂಬಳ ಬಂದ ದಿನ ಊಟವಾದ ಮೇಲೆ ಎಲ್ಲರೂ ಕೂತುಕೊಳ್ಳಿ, ಮಾವನೂ ಸೇರಿ. ಮಗಳ ಕೈಗೆ ಹಳೆಯ ನೋಟ್‌ಬುಕ್ ಕೊಡಿ, ನೀವು ಹೇಳಿ, ಅವಳು ಬರೆಯಲಿ. ಬಂದದ್ದು ಎಷ್ಟು, ಹೋಗುವುದು ಯಾವುದಕ್ಕೆ. ಎಂಟನೇ ಕ್ಲಾಸಿನ ಹುಡುಗಿಗೆ ಬಡ್ಡಿ ಲೆಕ್ಕ ಶಾಲೆಯಲ್ಲೂ ಇದೆ, ಮನೆಯದನ್ನೂ ಅವಳೇ ಮಾಡಲಿ. ನೀವು ‘ಆಗಲ್ಲ’ ಎಂದಾಗ ಅವಳಿಗೆ ಕೇಳಿಸಿದ್ದು ಅವ್ವನ ಸಿಟ್ಟು. ಅವಳೇ ಕೂಡಿಸಿ 900 ಬಂದಾಗ ಕಾಣುವುದು ಅವ್ವ ನಡೆಸುತ್ತಿರುವ ಸಂಸಾರ.

ಮಕ್ಕಳಿಗೆ ಮನೆಯ ಕಷ್ಟ ಯಾಕೆ ತೋರಿಸಬೇಕು ಎನ್ನುತ್ತೀರೇನೋ. ತೋರಿಸಬೇಕಾದ್ದು ಅಳುವನ್ನಲ್ಲ, ಅಂಕಿಯನ್ನು. ಅವಳ ಮುಂದೆ ಕೂತು ‘ನಿಮ್ಮಿಂದಾಗಿ ನಾನು ಏನೂ ಉಟ್ಟಿಲ್ಲ, ಉಂಡಿಲ್ಲ’ ಎಂದು ಹಾಡಬೇಡಿ, ಅದು ಬೇರೆಯದೇ ಸಾಲ, ಮಕ್ಕಳು ಬದುಕೆಲ್ಲ ಅದರ ಬಡ್ಡಿ ಕಟ್ಟುತ್ತಾರೆ.

ನಮ್ಮವ್ವ ಕೌದಿ ಹೊಲಿಯುತ್ತಿದ್ದಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಹಳೆಯ ಸೀರೆ ನಾಲ್ಕು ಪದರ ಹಾಸಿ, ನಾಲ್ಕು ಮೂಲೆಗೆ ಸೇರು, ಪಾವು, ಒನಕೆ ಏನು ಸಿಕ್ಕರೆ ಅದನ್ನು ಭಾರ ಇಟ್ಟು, ಅಂಚಿನಿಂದ ಒಳಕ್ಕೆ ಸಾಲು ಹಿಡಿದು ದಬ್ಬಳದಂಥ ಸೂಜಿಯಲ್ಲಿ ಹೊಲಿಯುತ್ತ ಹೋಗುವಳು. ಮೇಲಿನ ಪದರಕ್ಕೆ ತುಂಡು ಬಟ್ಟೆ. ಅಪ್ಪನ ಅಂಗಿಯ ಬೆನ್ನು, ಅಜ್ಜಿಯ ಇಳಕಲ್ ಸೀರೆಯ ಸೆರಗು, ನನ್ನ ಹರಿದ ಲಂಗ. ಹೊಸ ಬಟ್ಟೆ ಒಂದು ಗೇಣೂ ಇರುತ್ತಿರಲಿಲ್ಲ. ಆದರೆ ಹೊಲಿಯುವ ಮೊದಲು ತುಂಡುಗಳನ್ನೆಲ್ಲ ನೆಲದ ಮೇಲೆ ಹರವಿ ನಮ್ಮನ್ನು ಕರೆಯುತ್ತಿದ್ದಳು. ‘ಯಾವ್ದು ಎಲ್ಲಿ ಬರ್ಲಿ, ಹೇಳ್ರಿ.’ ನಾವು ಜಗಳಾಡಿ, ಕೆಂಪನ್ನು ನಡುವೆ, ಹಸಿರನ್ನು ಮೂಲೆಗೆ ಇಡಿಸುತ್ತಿದ್ದೆವು. ಆ ಕೌದಿ ಹೊದ್ದು ಮಲಗಿದಾಗ ಹಳೆಯ ಬಟ್ಟೆ ಹೊದ್ದಿದ್ದೇವೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ನನ್ನ ಕೆಂಪು ನಡುವೆ ಇದೆ ಎಂದು ತಡವಿ ನೋಡಿ ಮಲಗುತ್ತಿದ್ದೆ. ಬಟ್ಟೆ ಹೊಸದಲ್ಲದಿದ್ದರೂ ಯಾವುದು ಎಲ್ಲಿರಬೇಕೆಂದು ಹೇಳುವ ಹಕ್ಕು ನಮಗಿತ್ತು. ನಿಮ್ಮ ಮಗಳಿಗೆ ಬೇಕಾಗಿರುವುದೂ ಅದೇ ಎಂದು ನನ್ನ ಅಂದಾಜು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತದೆ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದವಳೇ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಇದನ್ನು ‘ಆಸೆ ಪಡಬಾರದು’ ಎಂಬ ಪಾಠಕ್ಕಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ದಿನಕ್ಕೆ ಎಷ್ಟು ಬರುತ್ತದೆ, ಎಷ್ಟು ಬೇಕು ಎಂಬುದು ಆ ಹೆಂಡತಿಗೆ ಗೊತ್ತಿತ್ತು. ಇದು ಹೆಚ್ಚಾಯಿತು ಎಂದು ಬಾಗಿಲಲ್ಲೇ ನಿಂತು ಹೇಳುವ ಧೈರ್ಯವಿತ್ತು. ಕೇಳಿ ತಿರುಗಿ ಹೋಗುವ ಗಂಡನಿದ್ದ. ಅಷ್ಟೇ ಅಕ್ಕಿಯಲ್ಲಿ ಅವರು ದಾಸೋಹವನ್ನೂ ನಡೆಸಿದರು, ತಾವೂ ಉಂಡರು. ಹೊಸ್ತಿಲಲ್ಲಿ ಗಂಡ-ಹೆಂಡತಿ ಮಾತಾಡಿಕೊಂಡದ್ದೇ ಆ ಮನೆಯ ಬಜೆಟ್ಟು. ಮುಂದಿನ ಗೃಹಪ್ರವೇಶದ ಕಾರ್ಡು ಬಂದಾಗ ನಿಮ್ಮ ಹೊಸ್ತಿಲಲ್ಲೂ ಆ ಮಾತು ನಡೆಯಲಿ. ಮುಯ್ಯಿ ಎಂಬುದು ನಮ್ಮವರು ಒಬ್ಬರಿಗೊಬ್ಬರು ಹೊರೆ ಇಳಿಸಲು ಕಟ್ಟಿಕೊಂಡ ಏರ್ಪಾಡು. ಸಾಲ ಮಾಡಿ ಮುಯ್ಯಿ ಮಾಡಿದರೆ ಹೊರೆ ಇಳಿಯುವುದಿಲ್ಲ, ತಲೆ ಬದಲಾಗುತ್ತದೆ ಅಷ್ಟೆ. ಕೈಲಾದಷ್ಟು ಮಾಡಿ, ಹಿಂದಿನ ದಿನವೇ ಹೋಗಿ ಅಡುಗೆಗೆ ಕೈ ಹಚ್ಚಿ. ನಾದಿನಿ ಅದನ್ನು ಮರೆಯುವುದಿಲ್ಲ.

ಮೂರನೆಯದು, ಸುಖದ ಮಾತು. ಪಟ್ಟಿಯಲ್ಲಿ ಒಂಬತ್ತನೇ ಬಾಬ್ತು ಬರೆಯಿರಿ: ನಿಮ್ಮ ಹೆಸರಿನಲ್ಲಿ 300. ಉಳಿಯುವ ಒಂಬತ್ತು ನೂರರಿಂದಲೇ ತೆಗೆಯಿರಿ. ಕನ್ನಡಕವೋ, ಒಂದು ಪುಸ್ತಕವೋ, ಗೆಳತಿಯ ಜೊತೆ ಚಹಾವೋ, ಲೆಕ್ಕ ಕೊಡಬೇಕಾಗಿಲ್ಲ. ಹಡಗಲಿಯ ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಹೂವು, ನಿಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ. ಕೊನೆಯ ಸಲ ಒಂದು ಮೊಳ ನಿಮಗೆಂದೇ ಕೊಂಡದ್ದು ಯಾವಾಗ? ತಾಯಿ ತನ್ನ ಪಾಲು ಬಿಡುತ್ತ ಹೋದರೆ ಹೆಣ್ಣುಮಕ್ಕಳು ಕಲಿಯುವುದು ಮಿತವ್ಯಯವನ್ನಲ್ಲ, ಹೆಂಗಸಿಗೆ ಪಾಲಿಲ್ಲ ಎಂಬುದನ್ನು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ನೆನಪಿರಲಿ.

ಇನ್ನೊಂದು 300 ಮನೆಯ ಡಬ್ಬಿಗೆ. ಇದರಲ್ಲಿ ಏನು ಮಾಡಬೇಕೆಂಬುದನ್ನು ತಿಂಗಳಿಗೊಬ್ಬರು ಹೇಳಲಿ. ಚಿಕ್ಕವಳ ಸರದಿ ಬಂದಾಗ ಐಸ್‌ಕ್ರೀಮೇ ಇರುತ್ತದೆ, ಇರಲಿ ಬಿಡಿ. ಮಾವನ ಸರದಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇರಬಹುದು. ಸಂಜೆ ಬಾಣಲೆ ಇಟ್ಟು, ಹಸಿಮೆಣಸಿನಕಾಯಿ ಸೀಳಿ ಓಂಕಾಳು ತುಂಬಿ, ಕಡ್ಲೆಹಿಟ್ಟಿನಲ್ಲಿ ಅದ್ದಿ ಬಿಡುವಾಗ ಒಬ್ಬರು ಮಂಡಕ್ಕಿ ನೆನೆಹಾಕಿ ಹಿಂಡಬೇಕು, ಒಬ್ಬರು ಈರುಳ್ಳಿ ಹೆಚ್ಚಬೇಕು, ಒಬ್ಬರು ಪುಟಾಣಿ ಪುಡಿ ಮಾಡಬೇಕು. ಅಂಗಡಿಯಿಂದ ಕಟ್ಟಿಸಿಕೊಂಡು ಬಂದರೆ ಐದು ನಿಮಿಷದಲ್ಲಿ ಮುಗಿಯುವುದು, ಮನೆಯಲ್ಲಿ ಮಾಡಿದರೆ ಒಂದು ಸಂಜೆ ತುಂಬುತ್ತದೆ. ಯಜಮಾನರೇ ಈರುಳ್ಳಿ ಹೆಚ್ಚಲಿ.

ಸುತ್ತಾಟಕ್ಕೂ ದೂರ ಹೋಗಬೇಕಾಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮ್ಮ ಮನೆಯ ಮೂವರು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಈ ಕೆರೆ 2024ರಲ್ಲಿ ಸೇರಿತು. ಹರಪನಹಳ್ಳಿ ಹತ್ತಿರ ಬಾಗಳಿಯ ಕಲ್ಲೇಶ್ವರ ಗುಡಿ ಇದೆ, ಸಾವಿರ ವರ್ಷ ಹಳೆಯದು, ಕಂಬಗಳ ನುಣುಪಿನಲ್ಲಿ ಮುಖ ನೋಡಿಕೊಳ್ಳಬೇಕು. ಆದರೆ ಒಂದು ಮಾತು. ‘ಶಾಲೆಯ ಪ್ರವಾಸಕ್ಕೆ ಬದಲು ಇದು’ ಎಂದು ಮಾತ್ರ ಮಗಳಿಗೆ ಹೇಳಬೇಡಿ. ಗೆಳತಿಯರ ಜೊತೆ ಬಸ್ಸಿನಲ್ಲಿ ಹಾಡುತ್ತ ಹೋಗುವುದಕ್ಕೆ ಅಪ್ಪ-ಅವ್ವನ ಜೊತೆ ಕೊಕ್ಕರೆ ನೋಡುವುದು ಬದಲಿಯಲ್ಲ. ಅವಳು ಕಳೆದುಕೊಂಡದ್ದು ನಿಜವಾದದ್ದು. ಅದನ್ನು ಒಪ್ಪಿಕೊಳ್ಳಿ. ‘ಈ ವರ್ಷ ತಪ್ಪಿತು. ಒಂಬತ್ತನೇ ಕ್ಲಾಸಿನಲ್ಲಿ ಹೋಗುವುದಿದ್ದರೆ ತಿಂಗಳಿಗೆ 150ರಂತೆ ಈಗಿನಿಂದ ತೆಗೆದಿಡೋಣ’ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಹನ್ನೆರಡು ತಿಂಗಳಿಗೆ ಸರಿಯಾಗಿ 1,800.

ದುಡ್ಡು ಖರ್ಚಾಗದ ಸುಖಗಳ ಪಟ್ಟಿಯನ್ನು ನಾನು ಕೊಡಬೇಕಾಗಿಲ್ಲ, ನಿಮ್ಮ ಸೀಮೆಯೇ ಕೊಟ್ಟಿದೆ. ಮಾಘದಲ್ಲಿ ಗುರು ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರನ್ನು ನೀವು ವರ್ಷವೂ ನೋಡುತ್ತೀರಿ. ರಸ್ತೆಯುದ್ದಕ್ಕೂ ಯಾರೋ ನೀರು ಕೊಡುತ್ತಾರೆ, ಯಾರೋ ಅನ್ನ ಬಡಿಸುತ್ತಾರೆ. ಕೊಡುವವರಲ್ಲಿ ನಿಮಗಿಂತ ಕಡಿಮೆ ದುಡಿಯುವವರೂ ಇದ್ದಾರೆ. ಒಂದು ವರ್ಷ ನಿಮ್ಮ ಮಕ್ಕಳ ಕೈಯಲ್ಲಿ ಒಂದು ಕೊಡ ನೀರು, ನಾಲ್ಕು ಲೋಟ ಕೊಟ್ಟು ದಾರಿ ಬದಿಗೆ ನಿಲ್ಲಿಸಿ. ‘ನಾವು ಬಡವ್ರೇನು’ ಎಂಬ ಪ್ರಶ್ನೆಗೆ ಕಾಲು ಭಾಗ ಉತ್ತರ ಅಲ್ಲೇ ಸಿಗುತ್ತದೆ. ಕೊಡುವ ಕೈ ತನ್ನನ್ನು ಬಡವ ಎಂದುಕೊಳ್ಳುವುದು ಕಷ್ಟ.

ಕೊನೆಯದಾಗಿ ನಾಳೆಯ ಮಾತು. ಕೈಗಡ ತೀರಿದ ತಿಂಗಳಿಂದ 1,200 ಬಿಡುಗಡೆಯಾಗುತ್ತದೆ. ಅದರಲ್ಲಿ 500ಕ್ಕೆ ಅಂಚೆ ಕಚೇರಿಯಲ್ಲಿ ದೊಡ್ಡವಳಿಗಾಗಿ ಐದು ವರ್ಷದ ಆರ್‌ಡಿ ಮಾಡಿಸಿ. ಚಿಕ್ಕವಳಿಗೆ ಇನ್ನೂ ಹತ್ತು ತುಂಬಿಲ್ಲ, ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತದೆ, ನೀವು ತಿಂಗಳಿಗೆ 250 ಕಟ್ಟಿ. ಹದಿನೈದು ವರ್ಷ ಕಟ್ಟುವುದು. ಹತ್ತು ದಾಟಿದ ಮೇಲೆ ತೆರೆಯಲಾಗುವುದಿಲ್ಲ, ಹಾಗಾಗಿ ಇದನ್ನು ಮುಂದೂಡಬೇಡಿ. ಇನ್ನೊಂದು, ದುಡ್ಡಿಲ್ಲದೆ ಸಿಗುವ ಆಸ್ತಿ. ನಿಮ್ಮ ಮಕ್ಕಳು ಕಲ್ಯಾಣ ಕರ್ನಾಟಕದವರು. ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಇದ್ದರೆ ಈ ಭಾಗದ ಕಾಲೇಜುಗಳಲ್ಲಿ ಸೀಟಿನ ಮೀಸಲು ಸಿಗುತ್ತದೆ. ಅದರ ಬೆಲೆಯನ್ನು ಹರಪನಹಳ್ಳಿಯವರನ್ನು ಕೇಳಿ. 1997ರಲ್ಲಿ ಅವರ ತಾಲ್ಲೂಕು ದಾವಣಗೆರೆಗೆ ಹೋಯಿತು. ಬಳ್ಳಾರಿಗೆ 371ಜೆ ದಕ್ಕಿದಾಗ ಅವರು ಹೊರಗೇ ಉಳಿದರು. ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಿಮ್ಮ ಜೊತೆಗೇ ಬಂದರು. ದೊಡ್ಡವಳ ಹತ್ತನೇ ತರಗತಿ ಮುಗಿಯುವುದರೊಳಗೆ ಕಾಗದ ಸಿದ್ಧವಿರಲಿ.

ನೀವು ನಿಲ್ಲಿಸಬಾರದ ಖರ್ಚು ಎರಡು. ಮಾವನ ಗುಳಿಗೆ, ಮಕ್ಕಳ ಓದು. ಎಷ್ಟೇ ಬಿಗಿಯಾದರೂ ಅಲ್ಲಿ ಕೈ ಹಾಕಬೇಡಿ. ಅಲ್ಲಿ ಉಳಿಸಿದ ನೂರು ಮುಂದೆ ಸಾವಿರವಾಗಿ ಹೋಗುತ್ತದೆ.

ಇನ್ನು ಮಗಳ ಪ್ರಶ್ನೆ. ‘ಇಲ್ಲಮ್ಮಾ, ನಾವು ಶ್ರೀಮಂತರೇ, ಪ್ರೀತಿಯಲ್ಲಿ’ ಎಂಬಂಥ ಮಾತು ಹೇಳಬೇಡಿ. ಹದಿಮೂರರ ಹುಡುಗಿ ಅದನ್ನು ನಂಬುವುದಿಲ್ಲ, ನಂಬಲೂಬಾರದು. ನಿಜವನ್ನೇ ಹೇಳಿ. ‘ನಮ್ಮ ಹತ್ರ ದುಡ್ಡು ಕಡಿಮೆ ಐತಿ. ಹಸಿವು ಇಲ್ಲ. ಒಂದು ಸಾಲ ಐತಿ, ತೀರಸಾಕ್ಹತ್ತೀವಿ. ಯಾವಾಗ ತೀರ್ತದ ಅಂತ ನೀನೇ ಲೆಕ್ಕ ಹಾಕಿ ಹೇಳು.’ ಈ ನಾಲ್ಕು ಮಾತನ್ನು ರೊಟ್ಟಿ ತಟ್ಟುತ್ತಲೇ ಹೇಳಬಹುದು, ಕೈ ನಿಲ್ಲಿಸಬೇಕಾಗಿಲ್ಲ.

ಮಾಳಿಗೆಯ ಮೇಲಿನ ನಗುವನ್ನು ‘ಸೆಕೆ ಅಂತ ಹೋಗಿ ಮಲಗುವುದು ತಾನೇ’ ಎಂದು ಬರೆದು ದಾಟಿಬಿಟ್ಟಿದ್ದೀರಿ. ನಿಮ್ಮ ಪತ್ರದಲ್ಲಿ ಬಡ್ಡಿ ಇಲ್ಲದೆ ಬಂದ ಒಂದೇ ಆದಾಯ ಅದು. ಅಲ್ಲಿ ಯಾಕೆ ನಗುತ್ತೀರಿ ಎಂದು ಯೋಚಿಸಿ ನೋಡಿ. ಅಲ್ಲಿ ಐವರಿಗೂ ಒಂದೇ ಜಮಖಾನ, ಅದರ ಉದ್ದ ಎಲ್ಲರಿಗೂ ಕಾಣುತ್ತದೆ, ಯಾರ ಕಾಲು ಯಾರಿಗೆ ತಾಗಿತು ಎಂಬುದೇ ತಮಾಷೆ. ಈ ಸಲ ಸಂಬಳದ ದಿನ ಲೆಕ್ಕಕ್ಕೂ ಅಲ್ಲೇ ಕೂತುಕೊಳ್ಳಿ. ನೋಟ್‌ಬುಕ್ಕು, ಪೆನ್ನು, ಒಂದು ಚಾರ್ಜಿಂಗ್ ಲೈಟು ಸಾಕು. ಒಂಬತ್ತನೇ ಬಾಬ್ತಿಗೆ ಬಂದಾಗ ಮಗಳು ‘ಇದ್ಯಾರ ಹೆಸರಿಗವ್ವಾ’ ಎಂದು ತಲೆ ಎತ್ತಿ ಕೇಳುತ್ತಾಳೆ. ನಾಚದೆ ನಿಮ್ಮ ಹೆಸರು ಹೇಳಿ.